ಒಡಪಿಲ್ಲದ ಹೆಸರು

"ಗಂಡನ ಹೆಸರು?" ವಿಮಲಾಬಾಯಿ ಯಾದಿಯಿಂದ ತಲೆಯೆತ್ತದೆ ಕೇಳಿದಳು.

"ಕಳಕಪ್ಪ" ಎಂದುಬಿಟ್ಟಳು ಫಕ್ಕೀರವ್ವ.

ವಿಮಲಾಬಾಯಿಯ ಕೈ ನಿಂತಿತು. ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತಿದ್ದ ಫಕ್ಕೀರವ್ವನ ಅತ್ತೆ ಮುದುಕವ್ವನ ಬೆರಳುಗಳೂ ನಿಂತವು.

ಹಿರೇವಡ್ಡಟ್ಟಿಯಲ್ಲಿ ಅಂದು ಬೆಳಗಿನಿಂದ ನಗೆಯೋ ನಗೆ. ದೇಶದ ಮೊದಲ ಚುನಾವಣೆಗೆ ಮತದಾರರ ಯಾದಿ ಬರೆಯಲು ಶಾಲೆಯ ಅಕ್ಕೋರು ವಿಮಲಾಬಾಯಿ ಮನೆಮನೆಗೆ ಹೋಗುತ್ತಿದ್ದಳು. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಹೆಂಗಸರೆಲ್ಲ ಒಡಪು ಕಟ್ಟಿ, ಪ್ರಾಸದೊಳಗೆ ಹೆಸರು ಸೇರಿಸಿ ಹೇಳುತ್ತಿದ್ದರು. ಒಂದೊಂದು ಮನೆಗೆ ಅರ್ಧ ತಾಸು ಹಿಡಿಯುತ್ತಿತ್ತು. ಯಾರಿಗೂ ಅವಸರವಿರಲಿಲ್ಲ. ಅಂಥ ಕಾಲ ಅದು.

ಬರಿ ಹೆಸರು ಹೇಳಿದವಳು ಇವಳೊಬ್ಬಳೇ. ಕಾರಣ ವಿಮಲಾಬಾಯಿಗೆ ಗೊತ್ತಿತ್ತು. ಶ್ರಾವಣದಲ್ಲಿ ಮುಂಬಯಿಯಿಂದ ಬಂದ ಕಾರ್ಡನ್ನು ಶಾಲೆಯ ಹಿಂದೆ ನಿಂತು ಅವಳಿಗೆ ಓದಿ ಹೇಳಿದ್ದು ತಾನೇ. ಗಿರಣಿಯಲ್ಲಿದ್ದ ಕಳಕಪ್ಪ ತೀರಿಕೊಂಡಿದ್ದ. "ನಮ್ಮತ್ತಿಗೆ ಹೇಳಬ್ಯಾಡ್ರಿ ಅಕ್ಕೋರ, ಮಗನ ಹಾದಿ ನೋಡಕೋತ ಜೀವ ಹಿಡದಾಳ" ಎಂದು ಫಕ್ಕೀರವ್ವ ಕಾರ್ಡನ್ನು ಹರಿದು ಹಾಕಿದ್ದಳು. ಕುಂಕುಮ ಅಳಿಸಿಕೊಂಡಿರಲಿಲ್ಲ.

"ಅಯ್ಯ, ಇದೇನವಾ, ಎಮ್ಮಿ ಕರದಂಗ ಗಂಡನ ಹೆಸರು ಕರೀತಿ!" ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಮಂಜವ್ವ ಗಲ್ಲದ ಮೇಲೆ ಕೈಯಿಟ್ಟಳು.

ಫಕ್ಕೀರವ್ವನ ಮುಖ ಬಿಳಿಚಿತು. ಮುದುಕವ್ವ ಸೊಸೆಯ ಹಣೆ ನೋಡಿದಳು, ಕೈಬಳೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಜೋರಾಗಿ ನಕ್ಕಳು.

"ಅಕ್ಕೋರನ್ನ ಕಂಡು ಅಂಜ್ಯಾಳ ಹುಚ್ಚಿ. ಒಡಪು ಹಾಕಿ ಹೇಳವಾ. ನನ್ನ ಮಗನ ಆಯುಷ್ಯ ಕಮ್ಮಿ ಮಾಡಬ್ಯಾಡ."

ಫಕ್ಕೀರವ್ವ ಸೆರಗು ಮುಂದಕ್ಕೆಳೆದುಕೊಂಡಳು.

"ಹೊಳಿದಂಡಿ ಹೊಲದಾಗ ತೂಗತಾವ ಜ್ವಾಳದ ತೆನಿ,
ಕಳಕಪ್ಪನವರು ಬರತಾರಂತ ಸಾರಿಸೀನಿ ಮನಿ."

"ಹಾಂ, ಈಗ ಖರೆ ಗರತಿ!" ಎಂದು ಮಂಜವ್ವ ನಗುತ್ತ ತನ್ನ ಮನೆಗೆ ಹೋದಳು. ಫಕ್ಕೀರವ್ವ ಮಜ್ಜಿಗೆ ತರಲು ಒಳಗೆ ಸರಿದಳು.

ಮುದುಕವ್ವ ಯಾದಿಯ ಮೇಲೆ ಬಾಗಿದಳು. ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯಲು ಮರೆತವಳಂತೆ.

"ಅಕ್ಕೋರ, ಸತ್ತವರ ಹೆಸರು ಬರಕೊಳ್ಳಾಕ ಯಾರರ ಬರ್ತಾರೇನ್ರಿ?"

"ಇಲ್ಲವಾ."

"ಹಂಗಾರ ಆಕಿ ಕೈಯಾಗಿನ ಬಳಿ ಉಳೀತಾವು."

ಮಜ್ಜಿಗೆ ಬಂತು. ಬಟ್ಟಲು ಕೊಡುತ್ತ ಫಕ್ಕೀರವ್ವ ಅಕ್ಕೋರ ಕಿವಿಯ ಬಳಿ ಬಗ್ಗಿ, "ಮುದುಕಿಗೆ ಏನೂ ತಿಳೀಲಿಲ್ಲ, ಹೌದಲ್ರಿ?" ಎಂದಳು.

ವಿಮಲಾಬಾಯಿ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದಳು. ಇದನ್ನು ಯಾರಿಗೂ, ಇವಳಿಗೂ, ಎಂದಿಗೂ ಹೇಳಬಾರದೆಂದುಕೊಂಡು "ಇಲ್ಲವಾ, ಏನೂ ತಿಳೀಲಿಲ್ಲ" ಎಂದಳು.