ದೊಡ್ಡವರ ಅಭಿಪ್ರಾಯ

ಹಿರಿಯ ವಿಮರ್ಶಕರೊಬ್ಬರಿಗೆ ಅವರ ಹೆಸರಿನಲ್ಲೇ ಭಾಷಣ, ಮುನ್ನುಡಿ ಬರೆದುಕೊಟ್ಟು ಮಂದಾಕಿನಿಯ ಜೀವನ ಸಾಗುತ್ತಿತ್ತು. ತನ್ನ ಮೊದಲ ಕಾದಂಬರಿಯನ್ನು ಪ್ರಕಾಶಕರಿಗೆ ಕಳಿಸಿ ಎರಡನೆಯದಕ್ಕೆ ಕೂತಿದ್ದಳು. ವಿಮರ್ಶಕರ ಫೋನು ಬಂತು.

“ಯಾವುದೋ ಹಸ್ತಪ್ರತಿ ಬಂದಿದೆ ಕಣಮ್ಮ. ಅಚ್ಚು ಹಾಕಬಹುದಾ ಅಂತ ಪ್ರಕಾಶಕರು ಕೇಳ್ತಿದಾರೆ. ನಾನಂತೂ ತೆರೆದೂ ನೋಡಿಲ್ಲ. ನಿನಗೆ ಕಳಿಸ್ತೀನಿ, ಸಂಜೆಯೊಳಗೆ ಅಭಿಪ್ರಾಯ ಬರೆದುಕೊಡು.”

“ಇವತ್ತು ನನ್ನ ಬರವಣಿಗೆ ಇದೆ ಸರ್.”

“ಅದೆಲ್ಲಿಗೆ ಓಡಿಹೋಗುತ್ತೆ? ಮೊದಲು ಇದು.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಂದ ಫೈಲನ್ನು ಅವಳೂ ತೆರೆಯಲಿಲ್ಲ. ‘ಹೊಟ್ಟೆಪಾಡಿನ ಬರವಣಿಗೆ, ಅಚ್ಚು ಬೇಡ’ ಎಂದು ಸಿಟ್ಟೆಲ್ಲ ಕಾರಿ ಕಳಿಸಿದಳು.

ವಾರದ ನಂತರ ಪ್ರಕಾಶಕರು ಫೋನು ಮಾಡಿದರು.

“ಬೇಜಾರು ಮಾಡ್ಕೋಬೇಡಿ ಮೇಡಂ. ನಿಮ್ಮ ಕಾದಂಬರೀನ ದೊಡ್ಡವರ ಹತ್ರ ಓದಿಸಿದ್ವಿ. ‘ಹೊಟ್ಟೆಪಾಡಿನ ಬರವಣಿಗೆ, ಅಚ್ಚು ಬೇಡ’ ಅಂತ ಬರೆದಿದಾರೆ.”