ಭಾತಂಬ್ರಾದ ಈಳಿಗೆ

ಭಾಲ್ಕಿ ತಾಲೂಕು ಭಾತಂಬ್ರಾ ಗ್ರಾಮದ ನಸ್ರೀನ ಬೇಗಂ ಅವರ ಅಡುಗೆಮನೆಯ ಈಳಿಗೆಯು, ಮೊನ್ನೆಯ ಗ್ರಹಣದ ಹೊತ್ತಿನಲ್ಲಿ ತಾನು ಎಲ್ಲಿತ್ತು, ಏನು ಹೆಚ್ಚುತ್ತಿತ್ತು ಎಂಬುದಕ್ಕೆ ತೃಪ್ತಿಕರ ಉತ್ತರ ಕೊಡುವ ತನಕ ಸಂಶಯಾಸ್ಪದ ಈಳಿಗೆಯೆಂದೇ ಪರಿಗಣಿಸಲ್ಪಡುತ್ತದೆ ಎಂದು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ.

ಪ್ರಕಟಣೆ ಹೊರಡಿಸಿದವರು ನಸ್ರೀನಳ ಬೀಗತಿ, ಔರಾದದ ಕುಬರಾ ಬೀ. ಅವರ ಸೊಸೆ, ನಸ್ರೀನಳ ಮಗಳು ಶೈಸ್ತಾಳಿಗೆ ಈಗ ಐದನೇ ತಿಂಗಳು. ಬೀದರಿನಲ್ಲಿ ಮಾಡಿಸಿದ ಸ್ಕ್ಯಾನಿನಲ್ಲಿ ಕೂಸಿನ ಮೇಲ್ತುಟಿ ಸೀಳಿರುವುದು ಕಂಡಿತ್ತು. ಅದಕ್ಕೆ ವಾರ ಮೊದಲು ಗ್ರಹಣವಾಗಿತ್ತು. ಆ ದಿನ ಶೈಸ್ತಾ ಭಾತಂಬ್ರಾದ ತವರಲ್ಲಿದ್ದಳು. ಬಸುರಿ ಗ್ರಹಣದಲ್ಲಿ ಏನನ್ನಾದರೂ ಹೆಚ್ಚಿದರೆ ಕೂಸಿನ ತುಟಿ ಹರಿಯುತ್ತದೆ ಎಂಬುದು ಕುಬರಾ ಬೀಗೆ ಅಜ್ಜಿಯಿಂದ ಬಂದ ಕಾನೂನು. ಚಂದ್ರನ ಗ್ರಹಣ ಅದೇ ರಾತ್ರಿ ಬಿಟ್ಟಿತ್ತು. ಕುಬರಾ ಬೀ ಅವರ ಪೂರ್ವಗ್ರಹ ಬಿಟ್ಟಿರಲಿಲ್ಲ.

ವಿಚಾರಣೆ ಫೋನಿನಲ್ಲೇ ನಡೆಯಿತು. ಗ್ರಹಣ ಹಿಡಿದಾಗಿನಿಂದ ಬಿಡುವ ತನಕ ಮಗಳನ್ನು ನೆಟ್ಟಗೆ ಮಲಗಿಸಿದ್ದೆ, ಈಳಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ ಎಂದು ನಸ್ರೀನ ಆಣೆ ಮಾಡಿದಳು. ಕುಬರಾ ಬೀ ಫೋನಿಟ್ಟು ಮಗ, ಶೈಸ್ತಾಳ ಗಂಡ ಫಿರೋಜನಿಗೆ ಹೇಳಿದರು: "ತಪ್ಪು ಮಾಡಲಾರದವರು ಯಾಕ ಮುಚ್ಚಿಡ್ತಾರ?"

ತೀರ್ಪೂ ಆಗಿಹೋಯಿತು. ಏಳನೇ ತಿಂಗಳಿಗೆ ತವರಿಗೆ ಕಳಿಸುವುದು ರೂಢಿ; ಶೈಸ್ತಾ ಐದಕ್ಕೇ ಹೋಗಬೇಕು. ಬೀದರಿನ ಡಾಕ್ಟರಿಗೆ ತೋರಿಸಿ, ಅಲ್ಲಿಂದಲೇ ಭಾಲ್ಕಿ ಬಸ್ಸು. ಹೆರಿಗೆ ಅಲ್ಲೇ, ತುಟಿಯ ಹೊಲಿಗೆ ಆಗುವ ತನಕ ಬಾಣಂತನವೂ ಅಲ್ಲೇ. ಔರಾದದಲ್ಲಿ ಯಾರಿಗೂ ಗೊತ್ತಾಗಬಾರದು. ಗೊತ್ತಾದರೂ ಅಪವಾದ ಭಾತಂಬ್ರಾದ ಪಾಲಿಗಿರಲಿ. ಶೈಸ್ತಾ ಬ್ಯಾಗು ತುಂಬಿದಳು. ಅವಳ ಹೆದರಿಕೆ ಒಂದೇ: ಈ ಅಪವಾದ ಹೊತ್ತು ಒಮ್ಮೆ ಹೊಸ್ತಿಲು ದಾಟಿದರೆ, ಕೂಸಿನ ತುಟಿ ಹೊಲಿಸಬಹುದು, ಊರಿನ ಬಾಯಿ ಹೊಲಿಸುವುದು ಹೇಗೆ?

ಬೀದರಿನ ಆಸ್ಪತ್ರೆಯಲ್ಲಿ ಸಿಸ್ಟರ್ ಕ್ಯಾಥರಿನ ಅತ್ತೆ, ಸೊಸೆ, ಫಿರೋಜ ಮೂವರನ್ನೂ ಕೂಡಿಸಿಕೊಂಡು ತಯಾರಿಯ ಮಾತು ಹೇಳಿದರು. ಅಂಗುಳವೂ ಸೀಳಿದ್ದರೆ ಕೂಸಿಗೆ ಎದೆಹಾಲು ಎಳೆಯಲು ಕಷ್ಟ. ಆಗ ಹಾಲು ಹಿಂಡಿ ಈ ಮೆತ್ತನೆಯ ಬಾಟಲಿಯಲ್ಲಿ ಹಾಕಿ, ಮಲಗಿಸದೆ, ತೊಡೆಯ ಮೇಲೆ ನೆಟ್ಟಗೆ ಕೂಡಿಸಿಕೊಂಡು, ಮೆಲ್ಲಗೆ ಒತ್ತಿ ಕುಡಿಸಬೇಕು. ಮೂರು ತಿಂಗಳಾಗಿ ತೂಕ ಬಂದ ಮೇಲೆ ತುಟಿಗೆ ಹೊಲಿಗೆ. ಶೈಸ್ತಾ ಬಾಟಲಿ ಒತ್ತಿ ಒತ್ತಿ ನೋಡುತ್ತಿದ್ದಳು. ಕುಬರಾ ಬೀ ಕಾಯುತ್ತಿದ್ದದ್ದು ಬೇರೆಯದಕ್ಕೆ.

"ಅದೆಲ್ಲಾ ಇರ್ಲಿ ಸಿಸ್ಟರ್. ತುಟಿ ಯಾವತ್ತು ಹರೀತು, ಅದೊಂದು ಹೇಳ್ರಿ. ಗ್ರಹಣದ ದಿನಾನೇ ಅಲ್ಲೇನು?"

"ಹರದಿಲ್ಲರಿ ಖಾಲಾ, ಕೂಡಿಲ್ಲ. ಹೊಟ್ಟ್ಯಾಗ ಎಲ್ಲಾ ಕೂಸಿನ ತುಟಿನೂ ಮೊದಲು ಬ್ಯಾರೆ ಬ್ಯಾರೆನೇ ಇರ್ತದ. ಆಮ್ಯಾಲ ಕೂಡ್ತದ. ಇದರದ್ದು ಕೂಡಲಿಲ್ಲ, ಅಷ್ಟೇ."

"ಅದು ಕೂಡೂದು ಯಾವಾಗ?"

"ಎರಡನೇ ತಿಂಗಳಾಗರಿ. ಗ್ರಹಣ ಬರೂದ್ರೊಳಗ ಎಲ್ಲಾ ಮುಗದು ಹೋಗಿತ್ತು."

ಕುಬರಾ ಬೀ ಬೆರಳ ಗಿಣ್ಣಿನ ಮೇಲೆ ತಿಂಗಳು ಎಣಿಸುತ್ತ ಹಿಂದಕ್ಕೆ ಹೋದರು. ಬೆರಳು ಒಂದು ಕಡೆ ನಿಂತಿತು. ಬಕ್ರೀದ್. ಊರು ಔರಾದ, ಮನೆ ಅವರದೇ, ಚಾಕೂ ಅವರದೇ. ಮೊಣಕಾಲು ನೋವೆಂದು ತಾವು ಮಂಚದ ಮೇಲೆ ಕೂತು, ಮುಂಜಾನೆಯಿಂದ ಸಂಜೆ ತನಕ ಶೈಸ್ತಾಳ ಕೈಯಲ್ಲಿ ಮಾಂಸ ಹೆಚ್ಚಿಸಿದ್ದರು. ಬಸುರಿಯೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಅವಳು ನಡುನಡುವೆ ಎದ್ದು ವಾಂತಿಗೆ ಓಡಿದಾಗ, ಕೆಲಸಕ್ಕೆ ಹೆದರಿ ನಾಟಕ ಮಾಡುತ್ತಾಳೆ ಎಂದಿದ್ದರು.

ಶೈಸ್ತಾ ಬಾಟಲಿ ಒತ್ತುವುದು ನಿಲ್ಲಿಸಿ ಅತ್ತೆಯನ್ನು ನೋಡಿದಳು. ಫಿರೋಜ ಮೇಲಿನ ಫ್ಯಾನಿನಲ್ಲಿ ಏನೋ ವಿಶೇಷ ಕಂಡವನಂತೆ ಅದನ್ನೇ ನೋಡತೊಡಗಿದ.

"ಬಕ್ರೀದ್ ದಿನ ಗ್ರಹಣ ಇದ್ದಿಲ್ಲ" ಎಂದರು ಕುಬರಾ ಬೀ, ಯಾರೂ ಕೇಳದಿದ್ದರೂ. "ಗ್ರಹಣ ಇಲ್ಲದ ದಿನ ಚಾಕು ಹಿಡದ್ರ ಕೂಸಿಗಿ ಏನೂ ಆಗಂಗಿಲ್ಲ."

"ಗ್ರಹಣ ಇದ್ದ ದಿನಾನೂ ಆಗಂಗಿಲ್ಲರಿ" ಎಂದರು ಸಿಸ್ಟರ್. ಅವರಿಗೆ ಈಳಿಗೆಯ ಕೇಸಿನ ಹಿನ್ನೆಲೆ ತಿಳಿದಿರಲಿಲ್ಲ.

ಕುಬರಾ ಬೀ ಅವರನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ನೀವು ಭಾಲ್ಕಿ ಕಡಿಯವರೇನ್ರಿ?"

ಬಸ್ ಸ್ಟ್ಯಾಂಡಿನಲ್ಲಿ ಭಾಲ್ಕಿ ಬಸ್ಸು ಹೊರಡಲು ನಿಂತಿತ್ತು. ಫಿರೋಜ ಬ್ಯಾಗು ಎತ್ತಿಕೊಂಡ. ಶೈಸ್ತಾ ಸೆರಗಿನಲ್ಲಿ ಬಾಟಲಿ ಸುತ್ತಿಕೊಂಡು ಅವನ ಹಿಂದೆ ನಡೆದಳು. ಕುಬರಾ ಬೀ ಬ್ಯಾಗಿನ ಹಿಡಿಕೆ ಹಿಡಿದು ಜಗ್ಗಿದರು.

"ಅತ್ತಾಗ ಎಲ್ಲಿ ಹೊಂಟಿ? ಔರಾದ ಬಸ್ಸು ಇತ್ತಾಗದ."

ಶೈಸ್ತಾ ಅಲ್ಲೇ ನಿಂತಳು. ಕುಬರಾ ಬೀ ಅವಳ ಕೈಯಿಂದ ಬಾಟಲಿ ತೆಗೆದುಕೊಂಡು, ಒಮ್ಮೆ ಒತ್ತಿ ನೋಡಿ, ತಮ್ಮ ಚೀಲದೊಳಗೆ ಹಾಕಿಕೊಂಡರು. ಅವಳು ಬಸ್ಸು ಹತ್ತಿದ ಮೇಲೆ ಫಿರೋಜ ಮೆಲ್ಲಗೆ ಕೇಳಿದ: "ಅಮ್ಮಿ, ಭಾತಂಬ್ರಾಕ್ಕ ಕಳಸೂದು ಅಂದಿದ್ರಿ. ಚೊಚ್ಚಲ ಹೆರಿಗಿ ತವರಾಗೇ ಅಲ್ಲೇನು?"

ಕುಬರಾ ಬೀ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿದರು.

"ಹುಚ್ಚ ಅದಿಯೇನು? ಬಕ್ರೀದ್ ದಿನ ನೋಡಿದ ಸಾಕ್ಷಿನ ಯಾರರೆ ಎದುರು ಪಾರ್ಟಿ ಮನಿಗಿ ಕಳಸ್ತಾರೇನು?"