ಕಾಲು ಮುಂದಾಗಿ ಹುಟ್ಟಿದವಳು

ನಡುವೆ ಒಂದು ಮಣೆ ಇಟ್ಟು ಅದರ ಮೇಲೆ ಒದ್ದರೆ ಆಗುವುದಿಲ್ಲವೇ ಎಂದು ಅರ್ಚಕ ಜಯರಾಮಯ್ಯನವರು ಮೂರನೆಯ ಸಲ ಕೇಳಿದರು. ಹಿತ್ತಿಲ ಹುಣಿಸೆಮರದ ಕೆಳಗೆ ಚಾಪೆ ಹಾಸಿಕೊಂಡು ಬೋರಲು ಮಲಗಿದ್ದರು. ಎಂಟು ದಿನದ ಹಿಂದೆ ಗುಡಿಯ ಬಾವಿಯಲ್ಲಿ ನೀರು ಸೇದುವಾಗ ಹಿಡಿದ ಸೊಂಟ ಇನ್ನೂ ಬಿಟ್ಟಿರಲಿಲ್ಲ.

"ಮಣೆ ಇಕ್ಕಿದ್ರೆ ಮಣೆ ನೋವು ಹೋಯ್ತದೆ ಸ್ವಾಮಿ, ನಿಮ್ದು ಹೋಗಲ್ಲ," ಎಂದಳು ಓಬಳಮ್ಮ. "ಅಂಗಾಲು ಮೈಗೆ ತಾಕ್ಬೇಕು."

ಓಬಳಮ್ಮ ಹೊರಕೇರಿಯವಳು. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಅಂಥವರು ಮೂರು ಸಲ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದರಲ್ಲಿ ಜಯಮಂಗಲಿ ನದಿಯ ಎರಡೂ ದಡದ ಊರುಗಳಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಊರಿನ ಪಟೇಲರು ಒದೆಸಿಕೊಂಡಿದ್ದರು, ಅಂಗಡಿ ಶೆಟ್ಟರು ಒದೆಸಿಕೊಂಡಿದ್ದರು, ಜಮಾಬಂದಿಗೆ ಬಂದಿದ್ದ ಮಧುಗಿರಿ ಅಮಲ್ದಾರರ ಜವಾನನೂ ಒದೆಸಿಕೊಂಡು ಹೋಗಿದ್ದ. ಇದೆಲ್ಲ ಮೂಢರ ನಂಬಿಕೆ ಎಂದು ನಗುತ್ತಿದ್ದವರು ಜಯರಾಮಯ್ಯನವರೊಬ್ಬರೇ. ಆ ನಗು ಸೊಂಟ ನೆಟ್ಟಗಿದ್ದಾಗಿನದು. ಸಿದ್ಧರಬೆಟ್ಟದ ಸೊಪ್ಪು ಅರೆದು ಹಚ್ಚಿದ್ದಾಯಿತು, ಹರಳೆಣ್ಣೆ ತಿಕ್ಕಿದ್ದಾಯಿತು, ಕದ್ದುಮುಚ್ಚಿ ಸಿರಾದ ಫಕೀರರ ತಾಯಿತವನ್ನೂ ಕಟ್ಟಿಕೊಂಡದ್ದಾಯಿತು. ಸಂಕಟ ಬಂದಾಗ ವೆಂಕಟರಮಣ ಅನ್ನುತ್ತಾರೆ. ವೆಂಕಟರಮಣನ ಕೈಲೂ ಆಗದಿದ್ದಾಗ ಓಬಳಮ್ಮ. ಅವರ ಹೆಂಡತಿ ಜಗದಾಂಬ ಊರೆಲ್ಲ ಮಲಗಿದ ಮಟಮಟ ಮಧ್ಯಾಹ್ನ ನೋಡಿ ಹೇಳಿಕಳಿಸಿದ್ದರು.

ಹೇಳಿಕಳಿಸದಿದ್ದರೂ ಓಬಳಮ್ಮ ತಾನಾಗಿಯೇ ಬರುತ್ತಿದ್ದಳೋ ಏನೋ. ಸುತ್ತಿನಲ್ಲಿ ಸಿಹಿನೀರು ಇದ್ದದ್ದು ಗುಡಿಯ ಬಾವಿಯಲ್ಲಿ ಮಾತ್ರ. ಹೊರಕೇರಿಯವರು ಅದರ ಹಗ್ಗ ಮುಟ್ಟುವಂತಿರಲಿಲ್ಲ. ಕಲ್ಲುಚಪ್ಪಡಿಯ ಮೇಲೆ ಕೊಡ ಇಟ್ಟು ದೂರ ನಿಂತರೆ, ಅಭಿಷೇಕಕ್ಕೆ ಸೇದಿದ ಮೇಲೆ ಅರ್ಚಕರು ಒಂದೊಂದು ಬಿಂದಿಗೆ ಹೊಯ್ಯುತ್ತಿದ್ದರು. ಅದು ಜಯರಾಮಯ್ಯನವರ ಅಪ್ಪನ ಕಾಲದಿಂದ ಬಂದ ಪದ್ಧತಿ. ಬಿಂದಿಗೆ ಕೊಡಕ್ಕೆ ತಗುಲಬಾರದೆಂದು ನಿಂತುಕೊಂಡೇ, ಎದೆಯೆತ್ತರದಿಂದ ಹೊಯ್ಯುತ್ತಿದ್ದರು. ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ. ಅವರು ಮಲಗಿದ ಮೇಲೆ ಆ ಅರ್ಧವೂ ನಿಂತಿತ್ತು. ಓಬಳಮ್ಮನ ಮಗಳು ಪುಟ್ಟಕ್ಕ ಹಸಿ ಬಾಣಂತಿ. ಕೇರಿಯ ಬಾವಿಯದು ಉಪ್ಪುನೀರು, ಅದರಲ್ಲಿ ಬೇಳೆ ಕೂಡ ಬೇಯುವುದಿಲ್ಲ. ದಿನವೂ ನದಿಯ ಮರಳಲ್ಲಿ ಒರತೆ ತೋಡಿ ಹೊತ್ತು ತಂದು ಓಬಳಮ್ಮನ ಜೀವ ಸೋತಿತ್ತು.

"ಸರಿ, ಒದಿ," ಎಂದು ಜಯರಾಮಯ್ಯನವರು ಜನಿವಾರವನ್ನು ಮೇಲಕ್ಕೆ ಸರಿಸಿಕೊಂಡು ಕಣ್ಣು ಮುಚ್ಚಿದರು. ಓಬಳಮ್ಮ ಗುಡಿಯ ದಿಕ್ಕಿಗೆ ತಿರುಗಿ, ತಪ್ಪು ತನ್ನದಲ್ಲವೆಂದು ಹನುಮಂತರಾಯನಿಗೆ ಕೈಮುಗಿದಳು. ಎಷ್ಟೋ ಸೊಂಟ ಬಿಡಿಸಿದ ಕಾಲನ್ನು ಇವತ್ತು ಸೆರಗಿನಿಂದ ಒರೆಸಿಕೊಂಡಳು. ಅಯ್ಯನವರ ಮೈ ಬೇರೆ ತರಹ ಇರುತ್ತದೆಂದು ಅವಳು ತಿಳಿದಿದ್ದಳು. ಅಂಗಾಲು ಇಟ್ಟರೆ ಅದೂ ಪಟೇಲರ ಸೊಂಟದ ಹಾಗೆಯೇ ಬೆಚ್ಚಗಿತ್ತು, ಬೆವೆತಿತ್ತು. ಮೊದಲನೆಯದು ಒದ್ದಹಾಗೂ ಆಗಲಿಲ್ಲ, ಸವರಿದಹಾಗಾಯಿತು.

"ಇನ್ನೂ ಸ್ವಲ್ಪ ಜೋರಾಗಿ," ಎಂದರು ಜಯರಾಮಯ್ಯನವರು, ಚಾಪೆಯಲ್ಲಿ ಮುಖ ಹುದುಗಿಸಿಕೊಂಡೇ.

ಮೂರನೆಯ ಒದೆತಕ್ಕೆ ಒಳಗೆಲ್ಲೋ ಲಟಕ್ಕೆಂದಿತು. ಜಯರಾಮಯ್ಯನವರು ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ಬಾಗಿಲಲ್ಲಿ ಕಾವಲಿದ್ದ ಜಗದಾಂಬ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರು ಮೊರದ ತುಂಬ ರಾಗಿ ತಂದಾಗ, ಕೂಲಿ ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆಂದು ಓಬಳಮ್ಮ ಹಿಂದೆ ಸರಿದಳು. ಈ ಸಂಗತಿ ಯಾರಿಗೂ ಹೇಳಕೂಡದೆಂದು ಜಯರಾಮಯ್ಯನವರು ಆಂಜನೇಯನ ಮೇಲೆ ಆಣೆ ಮಾಡಿಸಿಕೊಂಡು ಬಚ್ಚಲಿಗೆ ನಡೆದರು. ಜಗದಾಂಬ ಬೆಳಗ್ಗೆ ಸೇದಿ ತುಂಬಿಸಿದ್ದ ಎರಡು ಹಂಡೆ ನೀರು ಅವರ ಮೈಲಿಗೆ ಕಳೆಯಲು ಖರ್ಚಾಯಿತು. ಬಚ್ಚಲ ಮೋರಿಯಲ್ಲಿ ಹರಿದು ಬಂದ ಸಿಹಿನೀರನ್ನು ಓಬಳಮ್ಮ ಬೇಲಿಯಾಚೆ ಸ್ವಲ್ಪ ಹೊತ್ತು ನಿಂತು ನೋಡಿದಳು.

ಮರುದಿನ ಬೆಳಗ್ಗೆ ಜಯರಾಮಯ್ಯನವರು ಬಾವಿಗೆ ಬಂದರು. ಅಭಿಷೇಕದ ನೀರು ಸೇದಿಟ್ಟು, ಮತ್ತೊಂದು ಬಿಂದಿಗೆ ತುಂಬಿಕೊಂಡು ಚಪ್ಪಡಿಯ ಹತ್ತಿರ ಬಂದು ನಿಂತರು. ಅಲ್ಲಿ ಇದ್ದದ್ದು ಓಬಳಮ್ಮನ ಕೊಡ ಒಂದೇ. ಅತ್ತ ನೋಡಿದರು, ಇತ್ತ ನೋಡಿದರು, ದೂರ ನಿಂತಿದ್ದ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಆಮೇಲೆ, ಓಬಳಮ್ಮ ಕಂಡಂತೆ ಮೊಟ್ಟಮೊದಲ ಸಲ, ಬಗ್ಗಿದರು. ಬಿಂದಿಗೆಯ ಬಾಯಿ ಕೊಡದ ಬಾಯಿಗೆ ಎರಡು ಬೆರಳಿನಷ್ಟು ಹತ್ತಿರ ಬಂತು. ಒಂದು ಹನಿಯೂ ಆಚೆ ಬೀಳದೆ ನೀರು ಒಳಗಿಳಿಯತೊಡಗಿತು. ಇವತ್ತು ಬಾಣಂತಿಯ ಗಂಜಿಗೂ ಆಗುತ್ತದೆ, ಕೂಸಿನ ಮೈ ತೊಳೆಯುವುದಕ್ಕೂ ಆಗುತ್ತದೆ ಎಂದು ಓಬಳಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಕೊಡ ಅರ್ಧವಾಗಿತ್ತು. ಗುಡಿಯ ಮೂಲೆಯಲ್ಲಿ ಪಟೇಲರು ಕೆಮ್ಮಿದ್ದು ಕೇಳಿಸಿತು. ಜಯರಾಮಯ್ಯನವರು ಸಟ್ಟನೆ ನೆಟ್ಟಗಾದರು. ಮಿಕ್ಕ ನೀರು ಎದೆಯೆತ್ತರದಿಂದ ಬಿದ್ದು, ಕೊಡದ ಕಂಠಕ್ಕೆ ಬಡಿದು, ಚಪ್ಪಡಿಯ ಮೇಲೆ ಹರಿದು ಮಣ್ಣು ಸೇರಿತು. ಸೊಂಟ ವಾಸಿಯಾಯಿತೇ ಎಂದು ಪಟೇಲರು ವಿಚಾರಿಸಿದರು. ದೇವರ ದಯೆ, ತಾನಾಗಿಯೇ ಬಿಟ್ಟಿತು ಎಂದರು ಇವರು. ಪಟೇಲರು ಕೈಮುಗಿದು ಗುಡಿಯೊಳಕ್ಕೆ ಹೋದರು.

ಓಬಳಮ್ಮ ಆಣೆ ಮಾಡಿದ್ದವಳು, ಅದನ್ನು ಮುರಿಯಲಿಲ್ಲ. ಅರ್ಧ ಕೊಡವನ್ನು ತಲೆಗೇರಿಸಿಕೊಂಡು, ಕಂಬದ ಹಾಗೆ ನಿಂತಿದ್ದ ಜಯರಾಮಯ್ಯನವರ ಬೆನ್ನನ್ನೇ ನೋಡಿ, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ವಿಚಾರಿಸಿದಳು:

"ಯಾಕ್ ಸ್ವಾಮಿ, ಮತ್ತೆ ಹಿಡ್ಕಂತಾ?"